ಕೋಡಿಯಮ್ಮನ ಗೀಟು

ತರೀಕೆರೆಯ ಆ ಬಡಾವಣೆಯ ಪಾರ್ಕಿನಲ್ಲಿ ಪ್ರತಿ ಮಳೆಗಾಲವೂ ಎರಡು ದಿನ ಮಂಡಿಯುದ್ದ ನೀರು ನಿಲ್ಲುತ್ತಿತ್ತು. ಕೆರೆ ಕೋಡಿ ಬಿದ್ದರೆ ನೀರು ಹರಿಯುವ ಹಳ್ಳದಲ್ಲೇ ಸೈಟು ಮಾಡಿ ಮಾರಿ, ಉಳಿದ ತಗ್ಗಿನಲ್ಲಿ ನಾಲ್ಕು ಉಯ್ಯಾಲೆ ನೆಟ್ಟು ಪಾರ್ಕ್ ಎಂದು ಬೋರ್ಡ್ ಹಾಕಿದ ಪುಣ್ಯಾತ್ಮರು ಯಾರೋ! ನೀರಿಗೆ ಬೋರ್ಡ್ ಓದಲು ಬರುತ್ತದೆಯೇ? ತನ್ನ ಹಳೇ ಜಾಗಕ್ಕೆ ಬಂದು, ಎರಡು ದಿನ ಇದ್ದು, ಇಂಗಿ ಹೋಗುತ್ತಿತ್ತು.

ಪಾರ್ಕಿನ ಮೂಲೆಯಲ್ಲಿ ಕೋಡಿಯಮ್ಮನ ಕಟ್ಟೆ. ಪೂಜೆ ಓಂಕಾರಮೂರ್ತಿಯದು. ಸರ್ಕಾರಿ ಗುಮಾಸ್ತನಾಗಿ ನಿವೃತ್ತನಾದ ಮೇಲೆ ಅವನನ್ನು ಬೀದಿಯಲ್ಲಿ ನಾಯಿಯೂ ಮೂಸುತ್ತಿರಲಿಲ್ಲ. ಕೋಡಿಯಮ್ಮ ಬಂದ ಮೇಲೆ ಎಲ್ಲರೂ ‘ಸ್ವಾಮ್ಯೋರೇ’ ಎನ್ನತೊಡಗಿದರು. ಆ ಒಂದು ಕರೆಗಾಗಿ ಅವನು ದಿನವೂ ಐದಕ್ಕೆ ಎದ್ದು ತಣ್ಣೀರು ಸುರಿದುಕೊಳ್ಳುತ್ತಿದ್ದ.

ಅಮ್ಮ ಬಂದ ಕಥೆ ಹೀಗೆ. ಹಿಂದೆ ಕೆರೆ ಕಾಯುವ ನೀರುಗಂಟಿಯೊಬ್ಬ ಹಳ್ಳದಲ್ಲಿ ಕಲ್ಲು ನೆಟ್ಟು, ಭಾರೀ ಮಳೆಯ ವರ್ಷ ನೀರು ಎಲ್ಲಿಯವರೆಗೆ ಏರಿತೋ ಅಲ್ಲಿಗೊಂದು ಅಡ್ಡಗೀಟು ಕೊರೆದಿದ್ದ. ಗೀಟು ನೆಲದಿಂದ ಮಂಡಿಯೆತ್ತರದಲ್ಲಿತ್ತು. ಹನ್ನೆರಡು ವರ್ಷದ ಹಿಂದೆ ಓಂಕಾರಮೂರ್ತಿ ಆ ಕಲ್ಲಿಗೆ ಅರಿಶಿನ ಬಳಿದ. ದೇವಿ ಮಳೆಗಾಲದಲ್ಲಿ ಕೆಸರಲ್ಲಿ ನಿಲ್ಲುವುದು ನೋಡಲಾರದೆ, ಗಾರೆ ಕೆಲಸದ ಮುಕ್ತಿಯಾರ್‌ನಿಂದ ಮೂರಡಿ ಕಟ್ಟೆ ಕಟ್ಟಿಸಿ, ಒಂದು ನಸುಕಿನಲ್ಲಿ ಇಬ್ಬರೇ ಹಾರೆ ಹಾಕಿ ಕಲ್ಲನ್ನು ಕಿತ್ತು ಮೇಲೆ ನಿಲ್ಲಿಸಿದರು.

“ಯಾರ್ಗೂ ಹೇಳ್ಬೇಡ ಕಣೋ. ಎತ್ತಿಟ್ಟ ಕಲ್ಲಿಗೆ ಯಾರ್ ಕೈ ಮುಗೀತಾರೆ?”

“ಜುಬಾನ್ ಕೊಟ್ಟೆ, ಮೂರ್ತಣ್ಣ, ಮಾತಂದ್ರೆ ಮಾತು,” ಎಂದಿದ್ದ ಮುಕ್ತಿಯಾರ್.

ಸುತ್ತ ಮನೆ ಕಟ್ಟಿದವರೆಲ್ಲ ಆಮೇಲೆ ಬಂದವರು. ಅವರಿಗೆ ಓಂಕಾರಮೂರ್ತಿ ಹೇಳಿದ್ದು, ಅಮ್ಮ ಉದ್ಭವಮೂರ್ತಿ, ಭೂಮಿಯಿಂದ ತಾನಾಗಿ ಎದ್ದವಳು, ನಾವು ಸುತ್ತ ಕಟ್ಟೆ ಕಟ್ಟಿದೆವು ಅಷ್ಟೆ, ಎಂದು. ಮುಕ್ತಿಯಾರ್ ಈಗಿಲ್ಲ. ಪಾರ್ಕಿನ ಹಿಂದಿನ ತಗ್ಗು ಗಲ್ಲಿಯ ಮೊದಲ ಮನೆಯಲ್ಲಿ ಬಟ್ಟೆ ಹೊಲಿದುಕೊಂಡು ಇರುವ ಅವನ ಹೆಂಡತಿ ಸೈದಾನಿ ಬಿಗೆ ಮಾತ್ರ ನಿಜ ಗೊತ್ತು.

ಈ ವರ್ಷ ಬೇಸಿಗೆಯಲ್ಲಿ ಪುರಸಭೆಯವರು ಪಾರ್ಕ್ ಅಭಿವೃದ್ಧಿಯ ಸಭೆ ಕರೆದರು. ಶಾಮಿಯಾನ, ಬಾದಾಮಿ ಹಾಲು, ಬಣ್ಣದ ನಕ್ಷೆ. ಇಂಜಿನಿಯರ್ ತನುಜಾ ಚುರುಕಿನ ಹುಡುಗಿ. ಹಳೇ ನೆರೆಯ ಗುರುತೆಂದು ಎಲ್ಲರೂ ಬಲ್ಲ ಅಮ್ಮನ ಗೀಟನ್ನು ಟೇಪು ಹಿಡಿದು ನೆಲದಿಂದ ಅಳೆದಳು. ಅವಳ ಎದೆಮಟ್ಟಕ್ಕೆ ಬಂತು.

“ನೀರು ಇಷ್ಟೆತ್ತರ ಬರೋದಾದ್ರೆ ಇಡೀ ಪಾರ್ಕಿಗೆ ಮಣ್ಣು ತುಂಬಿ ಏರಿಸ್ಬೇಕು. ಮಂಡಿವರೆಗೆ ಅಂದ್ರೆ ನಡೆಯೋ ದಾರಿ ಏರಿಸಿದ್ರೆ ಸಾಕು. ಸ್ವಾಮ್ಯೋರೇ, ಈ ಕಲ್ಲನ್ನ ಯಾವಾಗ್ಲಾದ್ರೂ ಎತ್ತಿಟ್ಟಿದ್ರಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ಓಂಕಾರಮೂರ್ತಿ ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡ.

ಹಿಂದಿನ ಸಾಲಿನಿಂದ ಸೈದಾನಿ ಬಿ ಎದ್ದಳು. “ಪಾರ್ಕ್ ಏರ್ಸಿದ್ರೆ ಇಲ್ ನಿಲ್ಲೋ ನೀರು ಎಲ್ಲೋಗುತ್ತೆ ಕಣಮ್ಮಾ? ನಮ್ ಗಲ್ಲಿಗೇ ತಾನೆ? ಮೂರ್ತಣ್ಣ, ನೀವೇ ಹೇಳಿ. ನಿಮಗ್ ಗೊತ್ತಲ್ಲ.”

ಎಲ್ಲರೂ ಅವನ ಮುಖ ನೋಡಿದರು. ಎರಡು ಮಾತು ಸಾಕಿತ್ತು. ಆದರೆ ಆ ಎರಡು ಮಾತಿನ ಮರುದಿನ ಅವನು ಮತ್ತೆ ಬರೀ ನಿವೃತ್ತ ಗುಮಾಸ್ತ, ಜೊತೆಗೆ ಸುಳ್ಳುಗಾರ.

“ಉದ್ಭವಮೂರ್ತಿ ಕಣಮ್ಮಾ. ಅಮ್ಮ ಇದ್ದಲ್ಲಿಂದ ಕದಲಿಲ್ಲ,” ಎಂದ.

ಸೈದಾನಿ ಬಿ ಅವನನ್ನು ಒಂದು ಗಳಿಗೆ ನೋಡಿ ಕೂತಳು. ಹೊಸ ಚರಂಡಿ ಮಾಡುತ್ತೇವೆ ಎಂದು ಯಾರೋ ಸಮಾಧಾನ ಹೇಳಿದರು. ಜೂನ್ ಹೊತ್ತಿಗೆ ಪಾರ್ಕು ಎದೆಮಟ್ಟ ಏರಿತು, ಕಟ್ಟೆಯ ಸುತ್ತ ಮಾತ್ರ ಗೋಡೆ ಕಟ್ಟಿ ಮೆಟ್ಟಿಲು ಇಳಿಸಿದರು, ಹುಲ್ಲುಹಾಸು ಬಂತು. ಚರಂಡಿ ನಕ್ಷೆಯಲ್ಲೇ ಉಳಿಯಿತು.

ಜುಲೈನಲ್ಲಿ ಕೆರೆ ಕೋಡಿ ಬಿತ್ತು. ಪಾರ್ಕಿನಲ್ಲಿ ಒಂದು ಬೊಗಸೆ ನೀರು ನಿಲ್ಲಲಿಲ್ಲ. ಗಲ್ಲಿಯಲ್ಲಿ ಸೊಂಟದವರೆಗೆ ನಿಂತಿತು, ಐದು ದಿನ. ಬಡಾವಣೆಯ ಸಂಘದ ಅಧ್ಯಕ್ಷ ರುದ್ರಮೂರ್ತಿಗೆ ಹಿಗ್ಗೋ ಹಿಗ್ಗು. “ತಾಯಿನೇ ಗೀಟು ತೋರ್ಸಿ ಪಾರ್ಕ್ ಉಳಿಸ್ಬಿಟ್ಲು ಕಣ್ರೀ! ಶುಕ್ರವಾರ ವಿಶೇಷ ಪೂಜೆ ಆಗ್ಲಿ.”

ಶುಕ್ರವಾರ ಪೂಜೆಗೆ ಮುಂಚೆ ಓಂಕಾರಮೂರ್ತಿ ಗಲ್ಲಿಗೆ ಇಳಿದ. ಸೈದಾನಿ ಬಿ ಹೊಸ್ತಿಲಲ್ಲಿ ಕೂತು ಬೋಗುಣಿಯಿಂದ ಕೆಸರು ಎತ್ತಿ ಹೊರಗೆ ಚೆಲ್ಲುತ್ತಿದ್ದಳು. ಹೊಲಿಗೆ ಯಂತ್ರ ಅಂಗಳದಲ್ಲಿ ಮಗುಚಿ ಬಿದ್ದಿತ್ತು, ಮೋಟಾರಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವನು ಕ್ಷಮೆ ಕೇಳಬೇಕಿತ್ತು. ಹೇಡಿಯ ಬಾಯಿಗೆ ಬಂದದ್ದು ಬೇರೆ.

“ನೀನಾದ್ರೂ ಅವತ್ತು ಹೇಳ್ಬೋದಿತ್ತಲ್ಲ?”

ಅವಳು ಬೋಗುಣಿ ಕೆಳಗಿಟ್ಟಳು. ಇಷ್ಟು ವರ್ಷ ಗಂಡನ ಹಾಗೇ ಮೂರ್ತಣ್ಣ ಎಂದೇ ಕರೆದವಳು.

“ನಮ್ಮೋರು ಜುಬಾನ್ ಕೊಟ್ಟಿದ್ರು. ಸತ್ತೋರ್ ಮಾತು ನಾನ್ ಮುರೀಲಾ? ನೀವ್ ಯಾರ್ಗ್ ಕೊಟ್ಟಿದ್ರಿ, ಸ್ವಾಮ್ಯೋರೇ?”

ಅವಳು ಮತ್ತೆ ಕೆಸರು ಎತ್ತತೊಡಗಿದಳು. ಮೇಲೆ ಪಾರ್ಕಿನಲ್ಲಿ ಗಂಟೆ ಬಾರಿಸಿದರು. ಬೇಲಿಯ ಬಳಿ ನಿಂತು ರುದ್ರಮೂರ್ತಿ ಕೂಗಿದ:

“ಸ್ವಾಮ್ಯೋರೇ, ಮಂಗಳಾರತಿಗೆ ಹೊತ್ತಾಯ್ತು, ಬನ್ನಿ!”

ಓಂಕಾರಮೂರ್ತಿ ಕೆಸರುಗಾಲಲ್ಲೇ ಹತ್ತಿಹೋಗಿ, ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಆರತಿ ಎತ್ತಿದ.