ಡ್ರಮ್ಮಿನ ಹಿಂದಿನ ದನಿ

ಮಗಳು ಅಪ್ಪನ ಬಿಳಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಊರವರ ಅಂಗಿಗಳನ್ನೆಲ್ಲ ಒಗೆದು ಇಸ್ತ್ರಿ ಹಾಕಿದವನು ತನ್ನ ಅಂಗಿಯ ಗುಂಡಿಯ ಗೊಡವೆಗೆ ಹೋದವನಲ್ಲ. ಮಂಚದ ಮೇಲೆ ಅಪ್ಪ, ಗಲ್ಲದವರೆಗೆ ಹೊದಿಕೆ. ಕೋಣೆಯಲ್ಲಿ ಸದ್ದಿರಲಿಲ್ಲ. ಅವನು ಬದುಕಿದ್ದಾಗಲೂ ಈ ಮನೆಯಲ್ಲಿ ಹೆಚ್ಚುಕಡಿಮೆ ಇಷ್ಟೇ ಸದ್ದು.

"ದಾರ ಹಲ್ಲಲ್ಲಿ ಕಚ್ಬೇಡ್ವೇ, ಕತ್ತರಿ ತಗೋ," ಎಂದಳು ಅತ್ತೆ, ಅಪ್ಪನ ಅಕ್ಕ. ಕತ್ತರಿ ಸಿಗದೆ ಕೊನೆಗೆ ತಾನೇ ಕಚ್ಚಿ ತುಂಡರಿಸಿದಳು.

ಅಪ್ಪನನ್ನು ಒಯ್ಯುವ ಗಾಡಿ ಬರುವ ಮೊದಲು ಇಬ್ಬರು ಬಂದರು. ಒಬ್ಬ ಹಾಡುಗಾರ, ಇನ್ನೊಬ್ಬ ಗಿಟಾರಿನವ. ಅಪ್ಪನ ಹಳೆಯ ರಾಕ್ ತಂಡದವರು. ಅಪ್ಪ ಅಲ್ಲಿ ಡ್ರಮ್ ಬಾರಿಸುತ್ತಿದ್ದನೆಂದು ಮಗಳಿಗೆ ಗೊತ್ತಿತ್ತು. ಆದರೆ ಅವರು ತಂದಿದ್ದ ಒಂದೇ ಆಲ್ಬಮ್ಮನ್ನು ಅವಳು ಕೇಳಿರಲಿಲ್ಲ. ಮನೆಯಲ್ಲಿದ್ದ ಪ್ರತಿಗಳು ಅವಳು ಹುಟ್ಟುವ ಮೊದಲೇ ಗುಜರಿ ಸೇರಿದ್ದವು.

"ದುಂಬಿ ಇಷ್ಟು ಸಣ್ಣಗಾಗ್ಬಿಟ್ನಾ?" ಎಂದ ಗಿಟಾರಿನವ.

"ದುಂಬಿ ಅಂತ ಯಾಕೆ ಕರೀತೀರ, ಮಾಮ?"

"ನಿಂಗೊತ್ತಿಲ್ವಾ? ಕೈಯಲ್ಲಿ ಕೋಲು ಬಂತೋ, ಗುಂಯ್ ಅಂತ ಶುರು ಹಚ್ಕೊಳ್ಳೋನು. ಆಲ್ಬಮ್ ತುಂಬಾ ಅವನ ದನಿ ಇದೆ."

"ಚಿಕ್ಕವನಿದ್ದಾಗ ಉಣ್ತಾನೂ ಗುನುಗೋನು," ಎಂದಳು ಅತ್ತೆ. "ಬಾಯಲ್ಲಿರೋದು ತುತ್ತೋ ಹಾಡೋ ಅಂತ ಅಮ್ಮ ತಲೆಗೆ ಮೊಟಕೋಳು."

ಮಗಳು ಆ ದನಿಯನ್ನು ಕೇಳಿದ್ದು ಒಮ್ಮೆ ಮಾತ್ರ. ಬುತ್ತಿ ಕೊಡಲು ಲಾಂಡ್ರಿಗೆ ಹೋಗಿದ್ದಳು. ದೊಡ್ಡ ಯಂತ್ರ ತಿರುಗುತ್ತಿತ್ತು. ಅಪ್ಪ ಅದರ ಮುಚ್ಚಳದ ಮೇಲೆ ಬೆರಳು ಬಡಿಯುತ್ತ ಏನೋ ಗುನುಗುತ್ತಿದ್ದ. ಅವಳನ್ನು ಕಂಡದ್ದೇ ಬಾಯಿಗೆ ಬೀಗ ಬಿತ್ತು. ಕದಿಯುವಾಗ ಸಿಕ್ಕಿಬಿದ್ದವನ ಮುಖ.

*

ಆ ಕಾಲದಲ್ಲಿ, ಸ್ಟುಡಿಯೋದಲ್ಲಿ ಅಪ್ಪನ ಡ್ರಮ್ಮಿನ ಮೈಕಿಗೆ ಆ ಗುನುಗೂ ಬೀಳುತ್ತಿತ್ತು. ರೆಕಾರ್ಡಿಂಗಿನವನು ಕರ್ಚೀಫು ಕೊಟ್ಟು, "ಕಚ್ಕೊಂಡು ಬಾರ್ಸಿ ಸಾರ್," ಎಂದ. ಕಚ್ಚಿಕೊಂಡ. ತಾಳ ಕುಂಟಿತು. ಕರ್ಚೀಫು ತೆಗೆದ ಕೂಡಲೇ ತಾಳಕ್ಕೆ ಜೀವ ಬಂತು, ಜೊತೆಗೆ ದನಿಯೂ ಬಂತು.

"ಇರ್ಲಿ ಬಿಡ್ರೋ, ಯಾರಿಗೆ ಕೇಳ್ಸುತ್ತೆ," ಎಂದಿದ್ದ ಹಾಡುಗಾರ.

ಎಲ್ಲರಿಗೂ ಕೇಳಿಸಿತು. 'ಡ್ರಮ್ ಬಾರಿಸುವವರಿಗೆ ಹೊಟ್ಟೆನೋವಿರಬೇಕು, ಉದ್ದಕ್ಕೂ ನರಳಿದ್ದಾರೆ' ಎಂದು ಪತ್ರಿಕೆಯ ವಿಮರ್ಶಕ ಬರೆದ. ಅವನು ಹಾಡುಗಳನ್ನು ಹೊಗಳಿದ್ದು ಯಾರ ತಲೆಯಲ್ಲೂ ಉಳಿಯಲಿಲ್ಲ. ಕಾರ್ಯಕ್ರಮಗಳಲ್ಲಿ ಮುಂದಿನ ಸಾಲಿನವರು ಹೊಟ್ಟೆ ಹಿಡಿದುಕೊಂಡು ನರಳಿ ನಗುತ್ತಿದ್ದರು. ಆಲ್ಬಮ್ ಮೂಲೆ ಸೇರಿತು.

"ನಿನ್ನ ಗಂಟಲಿಂದ ನಾವೆಲ್ಲ ಮುಳುಗಿದ್ವಿ ಕಣೋ," ಎಂದುಬಿಟ್ಟ ಹಾಡುಗಾರ.

ಅಪ್ಪ ಡ್ರಮ್ಮು ಮಾರಿ ಲಾಂಡ್ರಿ ಸೇರಿದ.

*

"ಈಗಿನ ಹುಡುಗರು ನೆಟ್‌ನಲ್ಲಿ ನಮ್ಮ ಆಲ್ಬಮ್ಮನ್ನ ಹುಡುಕ್ಕೊಂಡು ಕೇಳ್ತಿದ್ದಾರೆ," ಎಂದ ಹಾಡುಗಾರ. "ನಾವು ಕಾಲಕ್ಕಿಂತ ಮುಂದಿದ್ವಂತೆ."

"ಬಾಡಿಗೆ ಕಟ್ಟೋದ್ರಲ್ಲಿ ಮಾತ್ರ ಹಿಂದೆ," ಎಂದ ಗಿಟಾರಿನವ.

"ಮತ್ತೆ ಬಿಡುಗಡೆ ಮಾಡ್ಸಿದೀನಿ ಪುಟ್ಟಿ. ಇವನಿಗೆ ಕೇಳಿಸ್ಬೇಕು ಅಂತ ಬರೋದ್ರಲ್ಲಿದ್ದೆ..." ಹಾಡುಗಾರ ಜೇಬಿನಿಂದ ಫೋನು ತೆಗೆದು ನೆಲದ ಮೇಲಿಟ್ಟ. "ಹಾಕ್ಲಾ?"

ಮಗಳು ಫೋನಿನ ಪಕ್ಕ ನೆಲದ ಮೇಲೆ ಕುಳಿತಳು. ಯಾರೋ ಮೆಟ್ಟಿಲಿಳಿದು ಓಡಿಬಂದಂತೆ ಡ್ರಮ್ಮು ಶುರುವಾಯಿತು. ಅಪ್ಪನ ಕೈ. ಅವಳು ಉಸಿರು ಹಿಡಿದು ಕಾದಳು. ಗಿಟಾರು ಬಂತು, ಹಾಡು ಬಂತು. ಪೆಟ್ಟಿಗೂ ಪೆಟ್ಟಿಗೂ ನಡುವೆ ಮಾತ್ರ ಒಗೆದು ಹಿಂಡಿದ ಹಾಗೆ ಖಾಲಿ. ಎರಡನೆಯ ಹಾಡೂ ಹಾಗೆಯೇ ಮುಗಿಯಿತು.

"ಅಪ್ಪ ಗುನುಗೋದು ಯಾವಾಗ ಬರುತ್ತೆ, ಮಾಮ?"

ಹಾಡುಗಾರನ ಮುಖ ಅರಳಿತು. "ಇಲ್ಲಮ್ಮ, ತೆಗೆಸ್ಬಿಟ್ಟೆ. ಈಗ ಅದಕ್ಕೆಲ್ಲ ಯಂತ್ರ ಬಂದಿದೆ. ಒಂದೆಳೆನೂ ಬಿಟ್ಟಿಲ್ಲ. ಅವತ್ತು ನಾನಾಡಿದ್ದ ಮಾತು ಮುಳ್ಳಿನ ಹಾಗೆ ಚುಚ್ತಾನೇ ಇತ್ತು. ಇನ್ಯಾವತ್ತೂ ಯಾರೂ ಇವನನ್ನ ನೋಡಿ ನಗಬಾರ್ದು ಅಂತ ನೆಟ್‌ನಲ್ಲಿದ್ದ ಹಳೇದನ್ನೂ ತೆಗೆಸಿ, ಹಳೇ ಟೇಪನ್ನೂ ಅಳಿಸ್ಬಿಟ್ಟೆ."

ಗಿಟಾರಿನವ ಗೋಡೆಯ ಕಡೆ ತಿರುಗಿದ. ಅತ್ತೆ ಸೆರಗು ಬಾಯಿಗೊತ್ತಿಕೊಂಡಳು. ಹೊರಗೆ ಗಾಡಿ ಬಂದು ನಿಂತಿತು. ಲಾಂಡ್ರಿಯ ಇಬ್ಬರು ಒಳಬಂದು ಮಂಚದ ಎರಡೂ ತುದಿಗೆ ನಿಂತರು.

ಮಗಳು ಎದ್ದೇಳಲಿಲ್ಲ. ಫೋನನ್ನು ಹಾಡುಗಾರನ ಕಡೆ ಸರಿಸಿದಳು.

"ಹಳೇದನ್ನ ಹಾಕಿ, ಮಾಮ. ಅಪ್ಪನ ದನಿ ಇರೋದನ್ನ."