ಗುತ್ಯಮ್ಮನ ಬಲಗಿವಿ

ಉಳವಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಗುತ್ಯಮ್ಮನ ಬಲಗಿವಿ ವರ್ಷದಿಂದ ಸೋರುತ್ತಿತ್ತು. ಎಷ್ಟು ಹನಿಮದ್ದು ಬಿಟ್ಟರೂ ನಿಂತಿರಲಿಲ್ಲ. ಈಗ ರಕ್ತವೂ ಬರತೊಡಗಿತ್ತು. ಮಗಳು ಮಾಲಾ ಹಟ ಹಿಡಿದು ಅವಳನ್ನು ಸೊರಬದ ಬಸ್ಸು ಹತ್ತಿಸಿ, ಅಲ್ಲಿಂದ ಶಿಕಾರಿಪುರದ ಕಿವಿ ಡಾಕ್ಟರ್ ಸೌಂದರ್ಯಳ ಬಳಿಗೆ ಕರೆತಂದಳು.

ಸೌಂದರ್ಯ ಕೀವನ್ನೆಲ್ಲ ಹೀರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ಇಣುಕಿದಳು. ಕಿವಿನಾಳದಲ್ಲಿ ಅಲಸಂದೆ ಕಾಳಿನಷ್ಟು ಕೆಂಪು ಮಾಂಸ. ಪರೀಕ್ಷಿಸುವ ಸಣ್ಣ ಸಲಾಕೆ ತಾಗಿದೊಡನೆ ರಕ್ತ ಜಿನುಗಿತು.

"ನೋವು ಹೇಗಿದೆ ಅಮ್ಮಾ?"

"ಒಳಗೆ ಕೊರ್ದಂಗಾಗ್ತದೆ ಮೇಡಂ. ಯಾವ ಮಾತ್ರೆಗೂ ಬಗ್ಗದಿಲ್ಲ."

ಓದುವಾಗ ಒಮ್ಮೆ ಮಾತ್ರ ಕಂಡಿದ್ದ ಕಾಯಿಲೆ ಸೌಂದರ್ಯಳಿಗೆ ನೆನಪಾಯಿತು. ಮಾಂಸದ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದಳು.

ವಾರದ ಮೇಲೆ ವರದಿ ಬಂತು. ಕಿವಿನಾಳದ ಕ್ಯಾನ್ಸರ್.

ಗುತ್ಯಮ್ಮ, "ಕಿವಿಗೂ ಬರ್ತದಾ ಅದು?" ಎಂದಳು.

"ಹತ್ತು ಲಕ್ಷಕ್ಕೊಬ್ಬರಿಗೆ ಬಂದ್ರೆ ಹೆಚ್ಚು. ಎಲ್ಲೀವರೆಗೆ ಹೋಗಿದೆ ಅಂತ ಮೊದಲು ಸ್ಕ್ಯಾನ್ ನೋಡೋಣ."

ಸ್ಕ್ಯಾನಿನ ಒಂದೊಂದು ಚಿತ್ರವನ್ನೂ ಸೌಂದರ್ಯ ಎರಡೆರಡು ಸಲ ನೋಡಿದಳು. ಆಮೇಲೆ ಕುರ್ಚಿಯಿಂದ ಎದ್ದೇಬಿಟ್ಟಳು.

"ಮೂಳೆಗೆ ಇಳಿದಿಲ್ಲ! ಮಾಲಾ, ಇಲ್ಲಿ ನೋಡ್ರಿ, ಮೂಳೆ ಹಾಗೇ ಇದೆ! ಇದನ್ನ ಪೂರ್ತಿ ತೆಗೀಬಹುದು!"

ಆಗಲೇ ಮಂಗಳೂರಿನ ತನ್ನ ಗುರುಗಳಿಗೆ ಫೋನು ಹಚ್ಚಿದಳು. ಹತ್ತನೇ ದಿನ ಮಂಗಳೂರಿನಲ್ಲೇ ಶಸ್ತ್ರಚಿಕಿತ್ಸೆ. ಸೌಂದರ್ಯಳೂ ಗುರುಗಳ ಜೊತೆಗೆ ನಿಂತಳು. ಕಿವಿತಮಟೆ ಸಮೇತ ಇಡೀ ನಾಳವನ್ನು ಒಂದೇ ತುಂಡಾಗಿ ತೆಗೆಯಬೇಕಿತ್ತು. ಮುಖ ಆಡಿಸುವ ನರ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಬಾಯಿ ಸೊಟ್ಟಗಾಗುತ್ತದೆ, ಕಣ್ಣು ಮುಚ್ಚುವುದಿಲ್ಲ. ಕೆಲಸ ಆರು ತಾಸು ನಡೆಯಿತು.

ಗುತ್ಯಮ್ಮನಿಗೆ ಎಚ್ಚರವಾದಾಗ ಸೌಂದರ್ಯ ಬಾಗಿ, "ಗುತ್ಯಮ್ಮಾ, ಕಣ್ಣು ಬಿಗಿಯಾಗಿ ಮುಚ್ಚಿ. ಹಾಂ, ಈಗ ಹಲ್ಲು ತೋರಿಸಿ" ಎಂದಳು.

ಎರಡು ಕಣ್ಣೂ ಮುಚ್ಚಿದವು. ತುಟಿ ಎರಡೂ ಕಡೆ ಸಮನಾಗಿ ಅರಳಿತು. ಸೌಂದರ್ಯ ಮಾಲಾಳ ಕೈ ಹಿಡಿದು ಅಲುಗಾಡಿಸಿಯೇ ಅಲುಗಾಡಿಸಿದಳು.

ತೆಗೆದ ತುಂಡಿನ ಅಂಚಿನಲ್ಲಿ ಎಲ್ಲೂ ಕ್ಯಾನ್ಸರ್ ಇಲ್ಲ ಎಂಬ ವರದಿಯೂ ಬಂತು. ವಿಕಿರಣ ಚಿಕಿತ್ಸೆ ಬೇಕಾಗಲಿಲ್ಲ. ಬಲಗಿವಿ ಮಂದವಾಯಿತು, ನಿಜ.

ಮೂರು ತಿಂಗಳ ತಪಾಸಣೆಗೆ ಬಂದಾಗ ಗುತ್ಯಮ್ಮ ಪಕ್ಕದ ಮನೆಯ ಜಯಪ್ಪನನ್ನು ತೋಳು ಹಿಡಿದು ಎಳೆದುಕೊಂಡೇ ಬಂದಿದ್ದಳು.

"ಇವ್ರ ಕಿವಿಯೂ ಸೋರ್ತದೆ ಮೇಡಂ. ಸುಮ್ನೆ ಹತ್ತಿ ತುರ್ಕ್ಕಂಡು ಓಡಾಡ್ತಾರೆ. ನಂದು ಆಮೇಲೆ, ಇವ್ರದ್ದು ಮೊದ್ಲು ನೋಡ್ರಿ!"