ಪಕ್ಕೆಯ ಕೊಳವೆ

ಡಾಕ್ಟರು ಸ್ಟೀಲ್ ಬೋಗುಣಿಯ ಮೇಲಿದ್ದ ಹಸಿರು ಬಟ್ಟೆಯನ್ನು ಸರಿಸಿ, "ನೋಡಿ, ಇದೇ. ಗೆಡ್ಡೆ ಸಮೇತ ಪೂರ್ತಿ ಬಂದಿದೆ," ಎಂದರು. ಕ್ಷೌರಿಕ ಬಗ್ಗಿ ನೋಡಿದ. ಅವನ ಮುಷ್ಟಿಗಿಂತ ದೊಡ್ಡದು; ಒಂದು ಬದಿ ಉಬ್ಬಿ ಹಳದಿಗಟ್ಟಿತ್ತು, ಸುತ್ತ ಕೊಬ್ಬು ಮೆತ್ತಿಕೊಂಡಿತ್ತು. ಇಪ್ಪತ್ತೆರಡು ವರ್ಷ ತನ್ನ ಮಗ್ಗುಲಲ್ಲಿ ಮಲಗಿದವಳ ಒಳಗಿನ ಮೂತ್ರಪಿಂಡ. ಅಷ್ಟು ಅಂದುಕೊಂಡದ್ದೇ ತಡ, ಬಾಯಿಗೆ ಕೈ ಅಡ್ಡ ಹಿಡಿದು ಓಡಿದ. ಹೊರಗಿನ ಕೈತೊಳೆಯುವ ಬೇಸಿನ್ನಿನವರೆಗೆ ಹೇಗೋ ತಡೆದುಕೊಂಡ.

ಅವನ ಅಂಗಡಿಯ ಗಿರಾಕಿಗಳು ಇದನ್ನು ನಂಬುತ್ತಿರಲಿಲ್ಲ. ಯಾರ ಯಾರದೋ ತಲೆಹೊಟ್ಟು, ಕುತ್ತಿಗೆಯ ಕೀವುಗುಳ್ಳೆ, ಕಿವಿಯೊಳಗಿನ ಕೂದಲು, ಯಾವುದಕ್ಕೂ ಮೂಗು ಮುರಿದವನಲ್ಲ ಅವನು. ಅದು ಕಸುಬು. ಮನೆಯ ಮಾತೇ ಬೇರೆ.

ಮರುದಿನ ಬೆಳಿಗ್ಗೆ ನರ್ಸ್ ಅವನನ್ನು ಮಂಚದ ಪಕ್ಕ ನಿಲ್ಲಿಸಿಕೊಂಡು ಎಲ್ಲ ವಿವರಿಸಿದಳು. ಆಪರೇಷನ್ನಿಗೆಂದು ಹೊಟ್ಟೆಯೊಳಗೆ ತುಂಬಿದ್ದ ಗಾಳಿಯಿಂದ ಭುಜದವರೆಗೂ ನೋಯುತ್ತದೆ, ಹೆದರಬೇಕಿಲ್ಲ. ಕೆಮ್ಮುವಾಗ ಹೊಲಿಗೆಯ ಮೇಲೆ ದಿಂಬು ಒತ್ತಿಹಿಡಿಯಬೇಕು. ಸಂಜೆಗೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಬೇಕು. ಒಂದೇ ಕಿಡ್ನಿಯಲ್ಲಿ ಚೆನ್ನಾಗಿಯೇ ಬದುಕಬಹುದು. ಕೊನೆಗೆ ಹೊದಿಕೆ ಎತ್ತಿದಳು. ಹೆಂಡತಿಯ ಪಕ್ಕೆಯಿಂದ ಸಣ್ಣ ಕೊಳವೆಯೊಂದು ಹೊರಬಂದು ರಬ್ಬರ್ ಬುರುಡೆಯೊಂದಕ್ಕೆ ಸೇರಿತ್ತು. ಗಾಯದೊಳಗಿಂದ ಒಸರಿ ಅದರಲ್ಲಿ ತುಂಬಿದ್ದನ್ನು ದಿನಕ್ಕೆರಡು ಸಲ ಅಳತೆಯ ಲೋಟಕ್ಕೆ ಸುರಿದು ಬರೆದಿಡಬೇಕು.

"ಮನೆಗೆ ಹೋದ ಮೇಲೂ ಇದು ಇರಬಹುದು. ಈಗಲೇ ಕಲ್ತ್ಕೊಳ್ಳಿ," ಎಂದಳು.

ಅವನು ಮುಚ್ಚಳ ತೆಗೆದ. ಒಳಗಿನದು ಕೆಂಪಗೆ, ನಡುವೆ ಲೋಳೆಯ ಎಳೆಗಳು. ಅದನ್ನಾದರೂ ಸಹಿಸುತ್ತಿದ್ದನೇನೋ, ಆದರೆ ಬುರುಡೆ ಕೈಗೆ ಬೆಚ್ಚಗೆ ತಗುಲಿತು. ಮುಖ ತಿರುಗಿಸಿದ. ಲೋಟ ವಾಲಿ ಹಾಸಿಗೆಯ ಮೇಲೆಲ್ಲ ಚೆಲ್ಲಿತು.

ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. "ಬಿಡಿ, ನಿಮ್ ಕೈಲಿ ಆಗಲ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಚಹಾ ಕುಡಿದು ಬರುತ್ತೇನೆಂದು ಕೆಳಗಿಳಿದವನು ಮಧ್ಯಾಹ್ನದವರೆಗೆ ಕ್ಯಾಂಟೀನಿನ ಬೆಂಚು ಬಿಟ್ಟು ಏಳಲಿಲ್ಲ. ಚಹಾದ ಮೇಲಿನ ಕೆನೆ, ಎದುರಿನವನು ಕಿತ್ತಳೆ ಸುಲಿಯುತ್ತಿದ್ದ ಬೆರಳು, ನೆಲ ಒರೆಸುವ ಬಟ್ಟೆ, ಎಲ್ಲವೂ ವಾಕರಿಕೆ ತರಿಸುತ್ತಿದ್ದವು.

ಮೇಲೆ ಹೋದಾಗ ಪರದೆ ಎಳೆದಿತ್ತು. ಪಕ್ಕದ ಮಂಚದಲ್ಲಿದ್ದ ತನ್ನ ತಾಯಿಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿನೊಡನೆ ಹೆಂಡತಿ ಒಳಗೆ ಪಿಸುಗುಡುತ್ತಿದ್ದಳು. "ತಪ್ಪು ತಿಳ್ಕೋಬೇಡಿ ಅಕ್ಕ. ಸಂಜೆನೂ ನೀವೇ ಖಾಲಿ ಮಾಡಿಕೊಡಿ. ಅವ್ರು ಬರೋದ್ರೊಳಗೆ ಮುಗಿಸ್ಬಿಡೋಣ. ಅವ್ರಿಗೆ ಹೇಸಿಗೆ ಜಾಸ್ತಿ, ಮೊದ್ಲಿಂದ್ಲೂ ಹಾಗೆ."

ಅವನು ಪರದೆಯ ಈಚೆಗೇ ನಿಂತ. ಮೊದಲ ಬಸಿರು ಇಳಿದುಹೋದ ದಿನ ಅವನು ಅಂಗಡಿಯಿಂದ ಬರುವಷ್ಟರಲ್ಲಿ ನೆಲ ಒರೆಸಿ, ಕಿಟಕಿ ತೆರೆದು, ತಲೆಗೆ ಸ್ನಾನ ಮಾಡಿ ಕೂತಿದ್ದಳು. ಆಮೇಲೂ ಜ್ವರ, ವಾಂತಿ, ರಕ್ತಸ್ರಾವ ಯಾವುದೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ತನ್ನ ಹೆಂಡತಿ ಗಟ್ಟಿ ಹೆಂಗಸು, ಕಾಯಿಲೆ ಬೀಳುವವಳಲ್ಲ ಎಂದು ಗಿರಾಕಿಗಳ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿದ್ದ. ಬೆಳಿಗ್ಗೆ ನುಣ್ಣಗೆ ಬೋಳಿಸಿ ಸೆಂಟು ಹಚ್ಚಿದ್ದ ತನ್ನದೇ ಕೆನ್ನೆಯ ವಾಸನೆ ಈಗ ಮೂಗಿಗೆ ಅಡರಿ, ಅಂಗೈಯಿಂದ ಉಜ್ಜಿ ಉಜ್ಜಿ ಒರೆಸಿಕೊಂಡ.

ಸಂಜೆ ಅವನೇ ಲೋಟ ತಂದ.

"ಅಕ್ಕ ಬರ್ತಾರೆ, ನೀವು ಆಚೆ ಹೋಗಿ," ಎಂದಳು.

"ಸುಮ್ನೆ ಮಲಕ್ಕೋ."

ಹೇಸಿಗೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಬುರುಡೆ ಅಷ್ಟೇ ಬೆಚ್ಚಗಿತ್ತು. ಬಾಯಿಂದ ಉಸಿರಾಡುತ್ತ ಸುರಿದ. ಮುದ್ದೆಗಟ್ಟಿದ ರಕ್ತ ಬುರುಡೆಯ ಬಾಯಿಗೆ ಅಡ್ಡ ನಿಂತಾಗ ಹಿಸುಕಿ ಹಿಸುಕಿ ಕೆಳಗಿಳಿಸಿದ. ಗಂಟಲಿಗೆ ಬಂದ ಹುಳಿಯನ್ನು ನುಂಗಿಕೊಂಡು, ಅರವತ್ತು ಮಿ.ಲೀ. ಎಂದು ಚೀಟಿಯಲ್ಲಿ ಬರೆದ.

ಅವಳು ಹೊದಿಕೆಯನ್ನು ಪಕ್ಕೆಯ ಮೇಲೆ ಎಳೆದುಕೊಂಡಳು. ಆಮೇಲೆ, "ಬಾಯೆಲ್ಲ ನಾರ್ತಿದೆ. ಹಲ್ಲುಜ್ಜಬೇಕು," ಎಂದಳು.

ಅವನು ಪೇಸ್ಟ್ ಹಚ್ಚಿ ಕೊಟ್ಟು, ಅವಳ ಗದ್ದದ ಕೆಳಗೆ ತಟ್ಟೆ ಹಿಡಿದ. ಜೋರಾಗಿ ಉಗುಳಲು ಅವಳಿಗೆ ಶಕ್ತಿಯಿರಲಿಲ್ಲ. ಕಂದು ಬೆರೆತ ನೊರೆ ತುಟಿಯಿಂದ ಎಳೆಯಾಗಿ ಜಾರಿ ಅವನ ಮಣಿಕಟ್ಟಿನ ಮೇಲೆ ಬಿತ್ತು. ಅವಳು ಸರಕ್ಕನೆ ಅವನತ್ತ ನೋಡಿದಳು. ಅವನು ಇನ್ನೊಂದು ಕೈಯಿಂದ ನೀರಿನ ಲೋಟವನ್ನು ಅವಳ ಬಾಯಿಗೆ ಹಿಡಿದ. ಅವಳು ಮುಕ್ಕಳಿಸುತ್ತಿರುವಾಗ ನೊರೆ ಮೆಲ್ಲಗೆ ಮೊಣಕೈಯ ಕಡೆಗೆ ಇಳಿಯುತ್ತಿತ್ತು.